ಕಾಡಿನ ರಸ್ತೆಯನ್ನೇ ಸಫಾರಿ ಎಂದು ಮಾರುತ್ತಾರೆ, ಎಚ್ಚರ

ಬಂಡೀಪುರಕ್ಕೆ ಬಸ್ ಪ್ರವಾಸ ಎಂದು ಯಾರಾದರೂ ಕರಪತ್ರ ಹಿಡಿದು ಬಂದರೆ, ಹಣ ಕೊಡುವ ಮೊದಲು ಇದನ್ನು ಓದಿ. ಇಪ್ಪತ್ತು ವರ್ಷಗಳಿಂದ ಕಚೇರಿಯಲ್ಲಿ ಬೇರೆಯವರ ಬಿಲ್ಲುಗಳಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ. ಆದರೂ ಮೋಸಹೋದೆ. ಅದೂ ಅತ್ತೆ, ಮಾವನವರ ಎದುರಿಗೇ.

"ರಾತ್ರಿ ಕಾಡಿನ ಪಯಣ, ಮುಂಜಾನೆ ವನ್ಯಜೀವಿ ದರ್ಶನ, ಊಟ ತಿಂಡಿ ಸೇರಿ ತಲೆಗೆ 2,800 ರೂಪಾಯಿ." ಕರಪತ್ರದಲ್ಲಿ ಅರ್ಧ ಜಾಗ ನೀರು ಕುಡಿಯುವ ಹುಲಿಗೆ. ಆರು ಜನಕ್ಕೆ 16,800 ಕಟ್ಟಿದೆ. ಮಂಡಿನೋವು ಎನ್ನುತ್ತಿದ್ದ ಅತ್ತೆಯವರನ್ನು ಒಪ್ಪಿಸಿ ಹೊರಡಿಸಿದವನೂ ನಾನೇ. "ಸಫಾರಿ ಇದೆ ತಾನೇ?" ಎಂದು ಪ್ರವಾಸದ ಕಚೇರಿಯವನನ್ನು ಫೋನಿನಲ್ಲಿ ಕೇಳಿದ್ದೆ. "ಬಸ್ ಕಾಡಿನೊಳಗೇ ಹೋಗುತ್ತದೆ ಸರ್, ನಿಶ್ಚಿಂತೆಯಾಗಿ ಬನ್ನಿ" ಎಂದಿದ್ದ. ಈಗ ಯೋಚಿಸಿದರೆ, ಆ ಮನುಷ್ಯ "ಇದೆ" ಎಂಬ ಎರಡಕ್ಷರವನ್ನು ಬಾಯಿಂದ ಬಿಟ್ಟೇ ಇಲ್ಲ.

ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಬೆಂಗಳೂರು ಬಿಟ್ಟು, ನಸುಕಿನ ನಾಲ್ಕಕ್ಕೆ ಗುಂಡ್ಲುಪೇಟೆ ದಾಟಿ ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ತಲುಪಿದೆವು. ಬಸ್ ನಿಂತಿತು. ನಿಂತೇ ಇತ್ತು. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಬಿಡುವುದಿಲ್ಲ; 2009ರಿಂದಲೂ ಇರುವ ನಿಷೇಧ. ಪತ್ರಿಕೆ ಓದುವ ಯಾರಿಗೂ ಗೊತ್ತು, ನನಗೂ ಗೊತ್ತಿತ್ತು! ಹಾಗಿದ್ದ ಮೇಲೆ ರಾತ್ರಿ ಕಾಡಿನ ಪಯಣ ಎಲ್ಲಿಂದ ಬರಬೇಕು ಎಂದು ಹಣ ಕಟ್ಟುವಾಗ ಹೊಳೆಯಲಿಲ್ಲ. ಲಾರಿಗಳ ಸಾಲಿನ ನಡುವೆ, ಎಸಿ ಆರಿಸಿದ ಬಸ್ಸಿನಲ್ಲಿ ಎರಡು ಗಂಟೆ ಸೊಳ್ಳೆ ಹೊಡೆದೆವು.

ಆರಕ್ಕೆ ಗೇಟು ತೆರೆಯಿತು. ಗೈಡ್ ಎನಿಸಿಕೊಂಡ ಹುಡುಗ ಮೈಕ್ ಹಿಡಿದು, 1973ರಲ್ಲೇ ಹುಲಿ ಯೋಜನೆಗೆ ಸೇರಿದ ಕಾಡು ಇದು, ಎಲ್ಲರೂ ಕ್ಯಾಮೆರಾ ತೆಗೆಯಿರಿ ಎಂದ. ಅರಣ್ಯ ಇಲಾಖೆಯ ಸಫಾರಿ ಹೊರಡುವುದು ಅದೇ ಮೇಲುಕಾಮನಹಳ್ಳಿಯಿಂದ. ನಮ್ಮ ಬಸ್ ಅಲ್ಲಿಗೆ ತಿರುಗಲಿಲ್ಲ. ನೇರ ಊಟಿ ರಸ್ತೆ ಹಿಡಿಯಿತು. ಮುಂದೆ ಇನ್ನೊಂದು ಗೇಟು ಇರಬಹುದು ಎಂದುಕೊಂಡೆ. ರಸ್ತೆಯುಬ್ಬುಗಳ ಮೇಲೆ ಕುಲುಕುತ್ತಾ ಹೋದೆವು. ಎಡಕ್ಕೆ ಜಿಂಕೆಗಳ ಹಿಂಡು, ಮರದ ಮೇಲೆ ಮುಸುವ, ಒಂದು ನವಿಲು. ಮಗಳು ನೋಟ್‌ಬುಕ್ಕಿನಲ್ಲಿ ಒಂದು, ಎರಡು, ಮೂರು ಎಂದು ಬರೆದುಕೊಂಡಳು. ನಾಲ್ಕು ಎಂದು ಬರೆದು ಕಾಯುತ್ತಾ ಕೂತಳು. ಅಷ್ಟರಲ್ಲಿ ಕೆಕ್ಕನಹಳ್ಳ ಚೆಕ್‌ಪೋಸ್ಟ್ ಬಂತು. ಅಂದರೆ ಕರ್ನಾಟಕವೇ ಮುಗಿಯಿತು.

"ಸಫಾರಿ ಯಾವಾಗಪ್ಪ?" ಎಂದೆ.

"ಆಯಿತಲ್ಲ ಸರ್."

ತಮಾಷೆ ಎಂದುಕೊಂಡು ನಕ್ಕೆ. ಹೌದು, ನಕ್ಕೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಹುಡುಗ ನಗಲಿಲ್ಲ. ಹಿಂದಿನ ಸೀಟಿನಿಂದ ಅತ್ತೆ ಮೆಲ್ಲಗೆ, "ಮದುವೆಯಾದ ಹೊಸದರಲ್ಲಿ ನಾವು ಕೆಂಪು ಬಸ್ಸಿನಲ್ಲಿ ಊಟಿಗೆ ಹೋಗುವಾಗ ಇಲ್ಲೇ ಆನೆ ನೋಡಿದ್ದೆವು, ಅಲ್ಲವೇನ್ರೀ?" ಎಂದರು. ಮಾವನವರು ಉತ್ತರ ಕೊಡದೆ ಕಿಟಕಿಯ ಕಡೆ ತಿರುಗಿದರು. ನನಗಾಗಿಯೇ ತಿರುಗಿದರು ಎಂದು ಗೊತ್ತಾಯಿತು.

ಸಾರಿಗೆ ಬಸ್ಸಿನ ಟಿಕೆಟ್ಟಿಗೆ ಸಿಗುವ ರಸ್ತೆಯನ್ನು ತಲೆಗೆ 2,800ಕ್ಕೆ ಮಾರಿದ್ದಾರೆ! ಮುಂದೆ ತೆಪ್ಪಕಾಡಿನ ಆನೆ ಶಿಬಿರದಲ್ಲಿ "ಟಿಕೆಟ್ ನಿಮ್ಮದೇ" ಎಂದರು. ತಿಂಡಿ ಎಂದರೆ ತಣ್ಣಗಿನ ಎರಡು ಇಡ್ಲಿ. ಅದು ಹಾಳಾಗಲಿ.

ಅಲ್ಲಿಂದಲೇ ಪ್ರವಾಸದ ಕಚೇರಿಗೆ ಫೋನ್ ಮಾಡಿದೆ. "ಪ್ರಾಣಿ ನೋಡಿದಿರೋ ಇಲ್ಲವೋ ಸರ್?" ನೋಡಿದೆವು, ಜಿಂಕೆ ನೋಡಿದೆವು. "ಜಿಂಕೆ ವನ್ಯಜೀವಿ ಅಲ್ಲವೇ ಸರ್?" ಸಫಾರಿ ಎಂದಿರಲ್ಲ ಎಂದರೆ, "ಕರಪತ್ರ ಓದಿ ಸರ್, ದರ್ಶನ ಎಂದಿದೆ." ಓದಿದೆ. ನಿಜ, ಸಫಾರಿ ಎಂಬ ಪದವೇ ಇಲ್ಲ. ಬಿಲ್ಲಿನಲ್ಲಿ ತಪ್ಪು ಹುಡುಕುವ ನಾನು ಹುಲಿಯ ಚಿತ್ರ ನೋಡಿ ಹಣ ಕಟ್ಟಿದ್ದೆ. ಹಣ ವಾಪಸ್ ಕೇಳಿದ್ದಕ್ಕೆ, "ಹುಲಿ ಬರುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ ಸರ್" ಎಂದ. ನಾನು ಹುಲಿ ಕೇಳಿಯೇ ಇರಲಿಲ್ಲ. ಸಫಾರಿ ಕೇಳಿದ್ದೆ. ಮೂರು ಸಲ ಹೇಳಿದೆ, ಮೂರು ಸಲವೂ ಹುಲಿಯ ಮಾತನ್ನೇ ಆಡಿದ.

ಖಾಸಗಿ ಬಸ್ಸನ್ನು ಸಫಾರಿ ದಾರಿಗೆ ಬಿಡುವುದೇ ಇಲ್ಲ. ಇಲಾಖೆಯ ಪರವಾನಗಿಯ ವಾಹನಕ್ಕೆ ಹತ್ತಬೇಕು, ಅದಕ್ಕೆ ಬೇರೆ ಟಿಕೆಟ್. ಆದ್ದರಿಂದ ಕೇಳಬೇಕಾದದ್ದು "ಸಫಾರಿ ಇದೆಯೇ" ಎಂದಲ್ಲ. ಟಿಕೆಟ್ ಯಾರು ತೆಗೆಸುತ್ತಾರೆ, ಯಾವ ಹೊತ್ತಿನದು, ರಶೀದಿ ತೋರಿಸಿ ಎಂದು ಕೇಳಿ. ತಡವರಿಸಿದರೆ ಫೋನ್ ಇಟ್ಟುಬಿಡಿ. ಹೆದ್ದಾರಿಯ ಜಿಂಕೆ ಸಾಕು ಎನ್ನುವವರು ಸಾರಿಗೆ ಬಸ್ಸಿನಲ್ಲೇ ಹೋಗಿ, ಕಿಟಕಿಯಾದರೂ ತೆರೆದುಕೊಳ್ಳುತ್ತದೆ.

ಮೊನ್ನೆ ಅದೇ ನಂಬರಿನಿಂದ ಸಂದೇಶ ಬಂದಿದೆ: ಮುಂದಿನ ತಿಂಗಳು ಕಬಿನಿಗೆ ಪ್ರವಾಸ, ಹಳೆಯ ಗ್ರಾಹಕರಿಗೆ ತಲೆಗೆ ಇನ್ನೂರು ರೂಪಾಯಿ ರಿಯಾಯಿತಿ. ಚಿತ್ರದಲ್ಲಿ ಅದೇ ಹುಲಿ, ಅದೇ ನೀರು.