ಚಳಿಗಾಲದ ಸೈಕಲ್: ದಪ್ಪ ಗ್ಲೌಸೋ, ಹ್ಯಾಂಡಲ್ ಚೀಲವೋ?

ಒಂದು ಬೆಳಿಗ್ಗೆ ಸೈಕಲ್ ನಿಲ್ಲಿಸಿ ಹೆಲ್ಮೆಟ್ ಬಿಚ್ಚಲು ಹೋದರೆ ಬಕಲ್ ಒತ್ತೋಕೂ ಬೆರಳಲ್ಲಿ ಶಕ್ತಿ ಇಲ್ಲ. ಕೊನೆಗೆ ಎರಡೂ ಅಂಗೈ ಸೇರಿಸಿ ಅದುಮಿ ಬಿಚ್ಚಿದೆ. ಒಳಗೆ ಬಂದ ಮೇಲೆ ಬೆರಳಿಗೆ ಮತ್ತೆ ರಕ್ತ ಹರಿಯಿತು ನೋಡಿ, ಆ ನೋವಿಗೆ ಕಣ್ಣಲ್ಲಿ ನೀರೇ ಬಂತು. ತಮಾಷೆ ಅಂದರೆ, ಅವತ್ತು ಹಾಕಿದ್ದು ನನ್ನ ಹತ್ತಿರ ಇದ್ದುದರಲ್ಲೇ ಅತಿ ದಪ್ಪನೆಯ ಗ್ಲೌಸ್. ಆಮೇಲೆ ಎರಡು ಚಳಿಗಾಲ ಕೈ ಬೆಚ್ಚಗಿಡುವ ಉಪಾಯಗಳನ್ನು ಒಂದೊಂದಾಗಿ ಮಾಡಿ ನೋಡಿದೆ.

ದಪ್ಪ ಗ್ಲೌಸ್‌ನಲ್ಲಿ ನಾನು ಮಾಡಿದ ತಪ್ಪು, ಒಳಗೆ ಉಣ್ಣೆಯದೊಂದು ಹಾಕಿ ಮೇಲೆ ಅದನ್ನು ತುರುಕಿದ್ದು. ಬಿಗಿಯಾದರೆ ಬೆಚ್ಚಗಿನ ಗಾಳಿ ನಿಲ್ಲಲು ಜಾಗ ಇರಲ್ಲ, ರಕ್ತ ಓಡಾಡಲೂ ಅಡ್ಡಿ. ಐದು ಬೆರಳೂ ಬೇರೆ ಬೇರೆ ಇರುವುದರಿಂದ ಒಂದರ ಕಾವು ಇನ್ನೊಂದಕ್ಕೆ ಸಿಗಲ್ಲ. ಗಾಳಿ ತಡೆಯದ ಬಟ್ಟೆಯಾದರೆ ಮುಗೀತು. 0 ಡಿಗ್ರಿ ಇರುವಾಗ ಗಂಟೆಗೆ 20 ಕಿ.ಮೀ. ಗಾಳಿ ಬೀಸಿದರೆ ಚರ್ಮಕ್ಕೆ ಸುಮಾರು ಮೈನಸ್ 5ರಷ್ಟು ಚಳಿ ಅನಿಸುತ್ತದೆ. ಸೈಕಲ್ ತುಳಿಯುವವರು ಆ ಗಾಳಿಯನ್ನು ತಾವೇ ಎಬ್ಬಿಸಿಕೊಂಡು, ಕೈಯನ್ನೇ ಅದಕ್ಕೆ ಮುಂದೊಡ್ಡಿರುತ್ತಾರೆ.

ಎರಡೆರಡು ಬೆರಳು ಒಟ್ಟಿಗೆ ಕೂರುವ ಲಾಬ್‌ಸ್ಟರ್ ಗ್ಲೌಸ್ ಇದಕ್ಕಿಂತ ಎಷ್ಟೋ ವಾಸಿ. ಬ್ರೇಕ್ ಹಿಡಿಯಲು ತೊಂದರೆ ಇಲ್ಲ. ಮೂಗು ಒರೆಸಿಕೊಳ್ಳುವುದೇ ಕಷ್ಟ, ಚಳಿಯಲ್ಲಿ ಅದೇನು ಸಣ್ಣ ಕೆಲಸ ಅಲ್ಲ!

ಗೆದ್ದಿದ್ದು ಮಾತ್ರ ಬಾರ್ ಮಿಟ್. ಹ್ಯಾಂಡಲ್‌ಗೇ ಕಟ್ಟಿಬಿಡುವ ದೊಡ್ಡ ಚೀಲ ಅದು, ಗೇರು, ಬ್ರೇಕು ಎಲ್ಲ ಅದರೊಳಗೇ. ನೋಡೋಕೆ ಸೈಕಲ್‌ಗೆ ಆನೆ ಕಿವಿ ಬಂದ ಹಾಗೆ. ಮೊದಲ ದಿನ ನನಗೇ ನಾಚಿಕೆ ಆಗಿತ್ತು. ಆದರೆ ದಪ್ಪ ಗ್ಲೌಸ್ ಸೋತ ಅದೇ ಚಳಿಯಲ್ಲಿ ಇದರೊಳಗೆ ತೆಳ್ಳನೆಯ ಗ್ಲೌಸ್ ಸಾಕಾಯಿತು. ಗಾಳಿ ಪೂರ್ತಿ ಹೊರಗೆ, ಬೆರಳು ಆಡಿಸಲು ಜಾಗ ಒಳಗೆ. ಐಸ್‌ನಂತೆ ತಣ್ಣಗಾಗುವ ಅಲ್ಯೂಮಿನಿಯಂ ಬ್ರೇಕ್ ಲಿವರ್‌ಗೂ ಗಾಳಿ ತಾಗಲ್ಲ. ತೊಂದರೆ ಎಲ್ಲಿ ಅಂದರೆ, ತಿರುಗುವಾಗ ಕೈ ತೋರಿಸಲು ಹೊರಗೆ ತೆಗೆದರೆ ಮತ್ತೆ ಒಳಗೆ ತೂರಿಸಲು ತಡಕಾಡಬೇಕು. ಖಾಲಿ ಜಾಗದಲ್ಲಿ ಮೊದಲು ಅಭ್ಯಾಸ ಮಾಡಿ. ನೇರ ಹ್ಯಾಂಡಲ್‌ನದು ಬೇರೆ, ಬಾಗಿದ ಹ್ಯಾಂಡಲ್‌ನದು ಬೇರೆ, ಅದನ್ನೂ ನೋಡಿಕೊಳ್ಳಿ.

ಬ್ಯಾಟರಿ ಗ್ಲೌಸ್ ಬೆಚ್ಚಗಿಡುತ್ತದೆ, ಸುಳ್ಳಲ್ಲ. ಆದರೆ ಚಾರ್ಜ್ ಮಾಡಲು ಮರೆತ ದಿನ ಅದು ಸುಮ್ನೆ ಒಂದು ಭಾರದ ಗ್ಲೌಸ್. ನಾನು ಮರೆಯುವವನು. ಕಬ್ಬಿಣದ ಪುಡಿಯ ಶಾಖದ ಪೊಟ್ಟಣಗಳು ಗಾಳಿಯಲ್ಲಿನ ಆಮ್ಲಜನಕದಿಂದ ಬಿಸಿಯಾಗುವಂಥವು, ಬಿಗಿ ಗ್ಲೌಸ್‌ನೊಳಗೆ ಮಂಕಾಗುತ್ತವೆ. ಒಂದೇ ಸಲದ ಬಳಕೆ ಬೇರೆ. ತುರ್ತಿಗೆ ಇರಲಿ ಅಂತ ಚೀಲದಲ್ಲಿ ಎರಡು ಇಟ್ಟಿದ್ದೇನೆ, ಅಷ್ಟೇ. ಗ್ಲೌಸ್ ಒಳಗೆ ತೆಳು ರಬ್ಬರ್ ಗ್ಲೌಸ್ ಹಾಕುವ ಉಪಾಯವನ್ನೂ ನೋಡಿದೆ. ಅರ್ಧ ಗಂಟೆ ಚೆನ್ನಾಗಿತ್ತು. ಬಿಚ್ಚಿದಾಗ ಬೆವರಿಗೆ ಬೆರಳ ತುದಿ ಬಟ್ಟೆ ಒಗೆದವರ ಕೈಯಂತೆ ಸುಕ್ಕಾಗಿತ್ತು, ಗಾಳಿ ತಾಗಿದ ಕೂಡಲೇ ಮೊದಲಿಗಿಂತ ಜಾಸ್ತಿ ಚಳಿ.

ಇಷ್ಟೆಲ್ಲ ಇದ್ದೂ ಒಂದು ದಿನ ಬಾರ್ ಮಿಟ್‌ನೊಳಗೇ ಬೆರಳು ಮರಗಟ್ಟಿತು. ಅವತ್ತು ತೆಳು ಜಾಕೆಟ್ ಹಾಕಿ ಹೊರಟಿದ್ದೆ. ಮೈ ತಣ್ಣಗಾದರೆ ದೇಹ ಮೊದಲು ಕೈಕಾಲಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತದೆ ಅಲ್ವಾ. ಸೈಕಲ್ ನಿಲ್ಲಿಸಿ, ರಸ್ತೆ ಬದಿಯಲ್ಲಿ ಎರಡೂ ತೋಳನ್ನು ಗಿರಗಿರನೆ ಬೀಸಿದೆ. ಒಂದು ನಿಮಿಷದಲ್ಲಿ ಬೆರಳು ಜುಮ್ಮೆಂದವು. ಹಾದುಹೋದ ಇನ್ನೊಬ್ಬ ಸೈಕಲ್ ಸವಾರ ನನಗೆ ಯಾಕೋ ಕೈ ಬೀಸಿ ಹೋದ.