ಆರು ತಿಂಗಳ ಕ್ಷಯ ಚಿಕಿತ್ಸೆ: ಬೆಂಗಳೂರಿನ ಸರ್ಕಾರಿ ಕೇಂದ್ರವೊಂದರ ಅನುಭವ

ಎರಡು ವಾರ ದಾಟಿದರೂ ತಮ್ಮನ ಕೆಮ್ಮು ನಿಲ್ಲದಿದ್ದಾಗ ಬೆಂಗಳೂರಿನ ನಮ್ಮ ಬಡಾವಣೆಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆವು. ಇದೇ ಊರಿನಲ್ಲಿ ರೂಪುಗೊಂಡ ಟ್ರೂನ್ಯಾಟ್ ಯಂತ್ರದಲ್ಲಿ ಕಫದ ಪರೀಕ್ಷೆ ನಡೆದು, ಅದು ಕ್ಷಯವೆಂಬುದೂ ರೋಗಾಣು ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಬಗ್ಗುತ್ತದೆಂಬುದೂ ಅದೇ ದಿನ ತಿಳಿಯಿತು. ಮೊದಲ ಎರಡು ತಿಂಗಳು ನಾಲ್ಕು ಔಷಧಗಳು ಸೇರಿದ ಮಾತ್ರೆ, ಆಮೇಲಿನ ನಾಲ್ಕು ತಿಂಗಳು ಮೂರರದ್ದು; ಯಾವುದಕ್ಕೂ ಕಾಸು ಕೇಳಲಿಲ್ಲ. ಮಾತ್ರೆಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿಯಾಗಬೇಡಿ ಎಂದು ಆಶಾ ಕಾರ್ಯಕರ್ತೆ ಮೊದಲೇ ಹೇಳಿದ್ದು ದೊಡ್ಡ ಉಪಕಾರ. ಆದರೆ ಕ್ಷಯ ರೋಗಿಗಳ ಪೌಷ್ಟಿಕ ಆಹಾರಕ್ಕೆ ಸರ್ಕಾರ ಹಣ ಕೊಡುವ ನಿಕ್ಷಯ್ ಪೋಷಣ್ ಯೋಜನೆಯಡಿ ತಿಂಗಳಿಗೆ 1000 ರೂಪಾಯಿಯಂತೆ ಸಿಗಬೇಕಿದ್ದ ಹಣ ಖಾತೆಗೆ ಬಂದದ್ದು ನಾಲ್ಕನೇ ತಿಂಗಳಲ್ಲಿ. ಮೊಟ್ಟೆ, ಬೇಳೆ ಬೇಕಾದದ್ದು ಮೊದಲ ತಿಂಗಳಲ್ಲವೇ? ಗೋಡೆಯ ಸೂಚನೆಗಳೆಲ್ಲ ಕನ್ನಡ, ಇಂಗ್ಲಿಷಿನಲ್ಲಷ್ಟೇ ಇದ್ದುದರಿಂದ, ಒಡಿಶಾದ ಕಟ್ಟಡ ಕಾರ್ಮಿಕನೊಬ್ಬನಿಗೆ ಮಾತ್ರೆಯ ಲೆಕ್ಕವನ್ನು ಬೆರಳೆಣಿಸಿ ತೋರಿಸಿದವನು ಸಾಲಿನಲ್ಲಿದ್ದ ಇನ್ನೊಬ್ಬ ರೋಗಿ.