ಕುಂಟುವ ಹೇಂಟೆಗೆ ಯಾವ ಉಪಚಾರ ಮೇಲು: ಬುಟ್ಟಿಯೋ ಜೋಲಿಯೋ, ಅರಿಶಿನವೋ ಅಯೋಡಿನ್ನೋ?

ಮನೆ ಹಿಂದೆ ಕೋಳಿ ಸಾಕಿದವರಿಗೆ ಕುಂಟುವ ಹೇಂಟೆ ಹೊಸದಲ್ಲ. ನಾಯಿ ಅಟ್ಟಿಸಿಕೊಂಡು ಹೋಗುತ್ತದೆ, ಮುಂಗುಸಿ ಬಾಯಿ ಹಾಕುತ್ತದೆ, ಕಟ್ಟಿಗೆ ರಾಶಿ ಮೇಲಿಂದ ಹಾರಿ ಕಾಲು ಉಳುಕಿಸಿಕೊಳ್ಳುತ್ತದೆ. ಆಗ ಸಲಹೆಗೆ ಬರವೇ ಇಲ್ಲ. ಅರಿಶಿನ ಹಚ್ಚು ಅಂತ ಒಬ್ಬರು, ಸ್ಪಿರಿಟ್ ಹಾಕು ಅಂತ ಇನ್ನೊಬ್ಬರು, "ಅಲ್ಲ ಮಾರಾಯ್ತಿ, ಇದಕ್ಕೆಲ್ಲ ಬಾಣಂತನ ಮಾಡ್ತಾ ಕೂತಿದ್ದೀಯಲ್ಲ, ಒಂದು ಹೊತ್ತಿನ ಸಾರಿಗೆ ಆಗ್ತದೆ" ಅಂತ ಮತ್ತೊಬ್ಬರು.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ನಾಟಿ ಕೋಳಿಗಳೂ ಇವೆ, ಗಿರಿರಾಜ ಅನ್ನುವ ಭಾರದ ತಳಿಯವೂ ಇವೆ. ಮಳೆಗಾಲದಲ್ಲಿ ಯಾವುದಾದರೂ ಒಂದಕ್ಕೆ ಏನಾದರೊಂದು ಆಗಿಯೇ ಇರುತ್ತದೆ. ಹಾಗಾಗಿ ಮೇಲಿನ ಸಲಹೆಗಳಲ್ಲಿ ಹೆಚ್ಚಿನವನ್ನು ಮಾಡಿ ನೋಡಿದ್ದೇನೆ. (ಸಾರನ್ನೂ ಮಾಡಿದ್ದುಂಟು, ಅದು ಬೇರೆ ಕಥೆ.) ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಕೋಳಿಗೆ ಏನು ಹಚ್ಚುತ್ತೀರಿ ಅನ್ನೋದಕ್ಕಿಂತ ಅದನ್ನು ಎಲ್ಲಿ ಕೂರಿಸುತ್ತೀರಿ ಅನ್ನೋದೇ ದೊಡ್ಡ ವಿಷಯ.

ಉಪಚಾರಕ್ಕೆ ಮುಂಚೆ ಕಾಲು ನೋಡಬೇಕು. ಕತ್ತಲಾದ ಮೇಲೆ ಹಿಡಿದರೆ ಗಲಾಟೆ ಕಡಿಮೆ. ರೆಕ್ಕೆ ಎರಡೂ ಸೇರಿಸಿ ಟವೆಲಿನಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು, ಟಾರ್ಚ್ ಹಾಕಿ ಪಾದ ತಿರುಗಿಸಿ ನೋಡಿ. ಬೆರಳ ಸಂದಿಯನ್ನು ಬಿಡಿಸಿ ನೋಡುವುದನ್ನು ಹೆಚ್ಚಿನವರು ಮರೆಯುತ್ತಾರೆ. ನಮ್ಮ ಒಂದು ಹೇಂಟೆಯ ಬೆರಳಿಗೆ ಗೋಣಿಚೀಲ ಹೊಲಿಯುವ ಪ್ಲಾಸ್ಟಿಕ್ ದಾರ ಸುತ್ತಿಕೊಂಡು, ಚರ್ಮದೊಳಗೆ ಇಳಿದು, ಮೇಲೆ ಕೊಳೆ ಮೆತ್ತಿಕೊಂಡು ದಾರವೇ ಕಾಣುತ್ತಿರಲಿಲ್ಲ. ಬೆರಳ ತುದಿ ಊದಿ ಕಪ್ಪಾಗುತ್ತಿತ್ತು. ಬಿಸಿನೀರಲ್ಲಿ ನೆನೆಸಿ, ಉಗುರು ಕತ್ತರಿಸುವ ಸಣ್ಣ ಕತ್ತರಿಯಲ್ಲಿ ಒಂದೊಂದೇ ಎಳೆ ಬಿಡಿಸಿದ ಮೇಲೆ ಬೇರೆ ಔಷಧಿಯೇ ಬೇಕಾಗಲಿಲ್ಲ.

ಗಾಯ, ಊತ ಏನೂ ಇಲ್ಲದೆ ಕುಂಟುತ್ತಿದ್ದರೆ ಯೋಚನೆ ಬೇರೆ ದಾರಿ ಹಿಡಿಯಬೇಕು. ಎಳೆ ಕೋಳಿ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬಿದ್ದುಕೊಂಡಿದ್ದರೆ ಮಾರೆಕ್ಸ್ ರೋಗ ಇರಬಹುದು. ಅದು ವೈರಸ್ಸಿನಿಂದ ಬರುವುದು, ಮದ್ದಿಲ್ಲ. ಮರಿ ಹುಟ್ಟಿದ ದಿನವೇ ಹಾಕುವ ಲಸಿಕೆಯೊಂದೇ ರಕ್ಷಣೆ. ಕತ್ತು ತಿರುಚುವುದು, ಹಸಿರು ಭೇದಿ ಜೊತೆಗೆ ಕಾಲು ಸೋತರೆ ಕೊಕ್ಕರೆ ರೋಗದ ಅನುಮಾನ. ಅಂಥದ್ದನ್ನು ತಕ್ಷಣ ಬೇರೆ ಮಾಡಿ ಪಶು ಆಸ್ಪತ್ರೆಗೆ ತಿಳಿಸಬೇಕು. ಸಣ್ಣ ಮರಿಯ ಬೆರಳು ಒಳಕ್ಕೆ ಮುದುಡಿಕೊಂಡಿದ್ದರೆ ಬಿ2 ಜೀವಸತ್ವದ ಕೊರತೆ ಇರಬಹುದು, ಬೇಗ ಕೊಟ್ಟರೆ ಸರಿಹೋಗುತ್ತದೆ. ಇಂಥ ಕೋಳಿಗಳಿಗೆ ಅರಿಶಿನ ಹಚ್ಚಿ ಕೂತರೆ ಸುಮ್ನೆ ಅರಿಶಿನ ದಂಡ.

ಈಗ ಗಾಯವಾದ, ಉಳುಕಿದ ಕೋಳಿಯನ್ನು ಎಲ್ಲಿ ಇಡುವುದು ಅನ್ನುವ ವಿಷಯ.

ಹಾಗೇ ಹಿಂಡಿನಲ್ಲೇ ಬಿಡುವುದು ಒಂದು ಪದ್ಧತಿ. "ತಾನಾಗೇ ಸರಿಹೋಗ್ತದೆ" ಅನ್ನುತ್ತಾರೆ. ಸ್ವಲ್ಪ ಉಳುಕಿದ್ದರೆ ಹೋಗಲೂಬಹುದು. ಆದರೆ ಕೋಳಿಗಳಲ್ಲಿ ಮೇಲು ಕೀಳು ಬಹಳ ಕಟ್ಟುನಿಟ್ಟು. ಕುಂಟುವುದು ಕಂಡರೆ ನಿನ್ನೆವರೆಗೆ ಅದಕ್ಕೆ ಹೆದರುತ್ತಿದ್ದ ಕೋಳಿಯೂ ಬಂದು ಕುಕ್ಕುತ್ತದೆ. ಕೆಂಪು ಕಂಡರಂತೂ ಮುಗಿಯಿತು, ಒಂದು ಶುರು ಮಾಡಿದರೆ ಎಲ್ಲವೂ ಸೇರಿಕೊಳ್ಳುತ್ತವೆ. ಹುಂಜ ಬೇರೆ ಮೇಲೆ ಹತ್ತುತ್ತದೆ. ರಕ್ತ ಬಂದಿರುವ ಕೋಳಿಯನ್ನು ಹಿಂಡಿನಲ್ಲಿ ಬಿಡುವುದನ್ನು ನಾನು ಉಪಚಾರಗಳ ಲೆಕ್ಕಕ್ಕೇ ಸೇರಿಸುವುದಿಲ್ಲ.

ಇನ್ನೊಂದು, ಮನೆಯೊಳಗೆ ರಟ್ಟಿನ ಪೆಟ್ಟಿಗೆ. ಮೊದಲ ರಾತ್ರಿಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಕತ್ತಲೆ, ಬೆಚ್ಚಗೆ, ಸದ್ದಿಲ್ಲ. ನಾಯಿ ಬಾಯಿಂದ ಬಿಡಿಸಿಕೊಂಡ ಕೋಳಿ ಗಾಯಕ್ಕಿಂತ ಹೆಚ್ಚಾಗಿ ಗಾಬರಿಯಿಂದ ಸಾಯುವುದುಂಟು, ಅದಕ್ಕೆ ಮೊದಲು ಬೇಕಾಗಿದ್ದು ಇದೇ. ಆದರೆ ಒಂದೆರಡು ದಿನ ಕಳೆದರೆ ಪೆಟ್ಟಿಗೆಯ ತಳ ಹಿಕ್ಕೆಯಲ್ಲಿ ನೆನೆದು ಮೆತ್ತಗಾಗುತ್ತದೆ, ವಾಸನೆ ಬರುತ್ತದೆ, ಗಾಯಕ್ಕೆ ತೇವ ತಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಒಂಟಿತನ. ಜೊತೆಯವರ ದನಿ ಕೇಳದೆ ಕೋಳಿ ಮೇವು ಬಿಡುತ್ತದೆ. ಜಾಸ್ತಿ ದಿನ ಒಳಗಿಟ್ಟರೆ ಹಿಂಡು ಅದನ್ನು ಹೊಸಬಳು ಅಂತಲೇ ಎಣಿಸಿ, ಹೊರಗೆ ಬಿಟ್ಟಾಗ ಮತ್ತೆ ಜಗಳ.

ಮೂರನೆಯದು ನಮ್ಮ ಅಜ್ಜಿಯರ ಕಾಲದ ಬಿದಿರಿನ ಬುಟ್ಟಿ. ಗೂಡಿನ ಪಕ್ಕ, ಮಾಡಿನ ಕೆಳಗೆ ಬೋರಲು ಹಾಕಿ ಮೇಲೊಂದು ಕಲ್ಲು ಇಟ್ಟರೆ ಆಯಿತು. ಬುಟ್ಟಿಯ ಸಂದಿಯಿಂದ ಗಾಳಿ ಆಡುತ್ತದೆ, ಉಳಿದವು ಕಾಣುತ್ತವೆ. ಅವು ಸುತ್ತ ಕೆದಕುತ್ತಾ ಓಡಾಡುತ್ತಿದ್ದರೆ ಒಳಗಿನದ್ದೂ ಎರಡು ಕಾಳು ಹೆಚ್ಚಿಗೆ ತಿನ್ನುತ್ತದೆ. ಜಾಗ ಇಕ್ಕಟ್ಟಾದ್ದರಿಂದ ಓಡಾಟ ಇಲ್ಲ, ಕಾಲಿಗೆ ತಾನೇ ತಾನಾಗಿ ವಿಶ್ರಾಂತಿ. ಕೆಳಗೆ ಒಣ ಭತ್ತದ ಹೊಟ್ಟು ಹಾಕಿ ದಿನಾ ಬದಲಿಸಿದರೆ ಸಾಕು. ಬುಟ್ಟಿಯ ಒಂದೇ ಕೊರತೆ ರಾತ್ರಿ ಕಾವಲು. ಕಬ್ಬೆಕ್ಕಿಗೆ ಬುಟ್ಟಿ ಮಗುಚುವುದು ಎಷ್ಟು ಹೊತ್ತಿನ ಕೆಲಸ? ಅದಕ್ಕೇ ಹಗಲು ಬುಟ್ಟಿ, ರಾತ್ರಿ ಒಳಗಿನ ಪೆಟ್ಟಿಗೆ ಅಂತ ಮಾಡಿಕೊಂಡೆ. ತಂತಿ ಬಲೆಯ ಪಂಜರ ಇದ್ದವರು ಅದನ್ನೇ ಕೋಳಿಗೂಡಿನೊಳಗೆ ಇಟ್ಟರೆ ಈ ಹೊತ್ತುಗೊಂಡು ತಿರುಗುವ ಕೆಲಸವೂ ತಪ್ಪುತ್ತದೆ. ಕೇಳಿದವರಿಗೆಲ್ಲ ನಾನು ಹೇಳುವುದು ಇದನ್ನೇ.

ಜೋಲಿಯ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ವಿಡಿಯೋಗಳಲ್ಲಿ ನೋಡಿ ತುಂಬಾ ಜನ ಆಸೆಪಡುತ್ತಾರೆ. ಹಳೆ ದಿಂಬಿನ ಚೀಲಕ್ಕೆ ಕಾಲು ತೂರಿಸಲು ಎರಡು ತೂತು, ಹಿಂದೆ ಹಿಕ್ಕೆ ಬೀಳಲು ಒಂದು ತೂತು ಮಾಡಿ, ಸ್ಟೂಲಿನ ನಾಲ್ಕು ಕಾಲಿಗೆ ಕಟ್ಟಿ ತೂಗುಹಾಕುವುದು. ಎರಡು ಕಾಲೂ ಊರಲಾಗದ ಭಾರದ ಗಿರಿರಾಜ ಹೇಂಟೆಗೆ ಇದು ನಿಜಕ್ಕೂ ಕೆಲಸಕ್ಕೆ ಬಂತು. ಸದಾ ಬಿದ್ದುಕೊಂಡಿದ್ದರೆ ಎದೆಮೂಳೆಯ ಮೇಲಿನ ಚರ್ಮ ಹುಣ್ಣಾಗುತ್ತದೆ, ಹಿಂಭಾಗಕ್ಕೆ ಹಿಕ್ಕೆ ಮೆತ್ತಿ ನೊಣ ಕೂರುತ್ತದೆ. ಜೋಲಿಯಲ್ಲಿ ಅವೆರಡೂ ತಪ್ಪಿದವು. ಕೊಕ್ಕಿನ ಮುಂದೆಯೇ ಬಟ್ಟಲು ಕಟ್ಟಿದ್ದರಿಂದ ತಿನ್ನುತ್ತಲೂ ಇತ್ತು. ಆದರೆ ಅದೇ ಜೋಲಿಗೆ ಹಾಕಿದ ನಾಟಿ ಹೇಂಟೆ ಒಂದು ಗಳಿಗೆ ಸುಮ್ಮನಿರಲಿಲ್ಲ. ರೆಕ್ಕೆ ಬಡಿದು, ತಲೆಕೆಳಗಾಗಿ, ಒಳ್ಳೆ ಕಾಲನ್ನೂ ಸಿಕ್ಕಿಸಿಕೊಂಡಿತು. ಒಂದು ಕಾಲಾದರೂ ಊರುವ ಕೋಳಿಗೆ ಜೋಲಿ ಬೇಡವೇ ಬೇಡ. ಹಾಕಿದರೂ ಹಗಲಲ್ಲಿ, ಸ್ವಲ್ಪ ಸ್ವಲ್ಪ ಹೊತ್ತು, ನಾವು ಹತ್ತಿರ ಇದ್ದಾಗ ಮಾತ್ರ.

ಗಾಯಕ್ಕೆ ಹಚ್ಚುವುದರಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷ. ಅತ್ತೆಯದು ಅರಿಶಿನ ಮತ್ತು ಕೊಬ್ಬರಿ ಎಣ್ಣೆ, ನನ್ನದು ಪೊವಿಡೋನ್ ಅಯೋಡಿನ್. ಅರಿಶಿನಕ್ಕೆ ನಾನು ವಿರೋಧಿಯಲ್ಲ. ತರಚು ಗಾಯಕ್ಕೆ, ಒಣಗುತ್ತಾ ಬಂದ ಗಾಯಕ್ಕೆ ಅದು ಚೆನ್ನಾಗೇ ಇದೆ, ಮನೆಯಲ್ಲೇ ಸಿಗುತ್ತದೆ, ಉರಿಯೂ ಇಲ್ಲ. ತೊಂದರೆ ಇರುವುದು ಎಣ್ಣೆಯಲ್ಲಿ. ಎಣ್ಣೆ ಪುಕ್ಕಕ್ಕೆ ಹಿಡಿದರೆ ಪುಕ್ಕವೆಲ್ಲ ಅಂಟಿಕೊಂಡು, ಆ ಜಾಗದಲ್ಲಿ ಮೈ ಬೆಚ್ಚಗಿಟ್ಟುಕೊಳ್ಳಲು ಕೋಳಿಗೆ ಆಗುವುದಿಲ್ಲ. ಆಷಾಢದ ಚಳಿಗಾಳಿಯಲ್ಲಿ ಇದು ಸಣ್ಣ ವಿಷಯ ಅಲ್ಲ. ಇರುವೆಯೂ ಬರುತ್ತದೆ. ಆಳವಾದ ಗಾಯದ ಮೇಲೆ ಅರಿಶಿನ ಮೆತ್ತಿದರೆ ಮೇಲೆ ಗಟ್ಟಿ ಹೊಪ್ಪಳೆ ಕಟ್ಟುತ್ತದೆ, ಒಳಗೆ ಕೀವಾಗಿದ್ದು ಗೊತ್ತೇ ಆಗುವುದಿಲ್ಲ. ನಾಯಿ, ಬೆಕ್ಕಿನ ಹಲ್ಲು ಇಳಿದ ಗಾಯ ಮೇಲೆ ನೋಡಲು ಚುಕ್ಕಿ, ಒಳಗೆ ಆಳ. ಅಂಥದ್ದಕ್ಕೆ ಅರಿಶಿನ ಕೂಡದು, ಡಾಕ್ಟರ ಬಳಿಯೇ ಹೋಗಬೇಕು.

ಪೊವಿಡೋನ್ ಅಯೋಡಿನ್ ಔಷಧಿ ಅಂಗಡಿಯಲ್ಲಿ ಅಗ್ಗಕ್ಕೇ ಸಿಗುತ್ತದೆ. ಬಾಟಲಿಯಿಂದ ನೇರ ಸುರಿಯಬೇಡಿ. ಕಾಯಿಸಿ ಆರಿಸಿದ ನೀರಿಗೆ ಬೆರೆಸಿ, ತಿಳಿ ಚಹಾದ ಬಣ್ಣ ಬಂದರೆ ಸಾಕು. ಮೊದಲು ಸುತ್ತಲಿನ ಪುಕ್ಕ ಕತ್ತರಿಸಿ. ಕೀಳಬಾರದು, ನೋವಾಗುತ್ತದೆ, ರಕ್ತವೂ ಬರುತ್ತದೆ. ಆಮೇಲೆ ಸೂಜಿ ತೆಗೆದ ಸಿರಿಂಜಿನಿಂದ ಗಾಯ ತೊಳೆದು, ಹಳೆ ಹತ್ತಿಬಟ್ಟೆ ಒತ್ತಿ ಒಣಗಿಸಿ. ಅರಳೆ ಬೇಡ, ಎಳೆ ಅಂಟಿಕೊಳ್ಳುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರುವುದು ನೋಡಲು ಚೆಂದ, ಆದರೆ ಪದೇ ಪದೇ ಹಾಕಿದರೆ ಹೊಸದಾಗಿ ಕೂಡುತ್ತಿರುವ ಮಾಂಸವೇ ಹಾಳು. ಸ್ಪಿರಿಟ್ ಕೂಡ ಹಾಗೇ.

ಮಳೆಗಾಲದಲ್ಲಿ ಹುಳದ ಕಾಟ ಬೇರೆ. ನೊಣ ಇಟ್ಟ ಮೊಟ್ಟೆ ಒಂದೇ ದಿನದಲ್ಲಿ ಒಡೆದು ಹುಳ ಆಗಬಹುದು. ಕರ್ಪೂರ ಕರಗಿಸಿದ ಎಣ್ಣೆ ಬಿಟ್ಟರೆ ಹುಳ ಮೇಲೆ ಬರುತ್ತವೆ, ಅದು ಸುಳ್ಳಲ್ಲ. ಎಲ್ಲವೂ ಬರುವುದಿಲ್ಲ ಅನ್ನೋದೂ ಸುಳ್ಳಲ್ಲ. ಕೊನೆಗೆ ಚಿಮಟ ಹಿಡಿದು ಒಂದೊಂದೇ ತೆಗೆದು, ಉಪ್ಪುನೀರಲ್ಲಿ ತೊಳೆದು, ಮಾರನೇ ದಿನ ಮತ್ತೆ ನೋಡಲೇಬೇಕು. ನುಸಿಗುಳಿಗೆ ಪುಡಿ, ಸೀಮೆಎಣ್ಣೆ ಹಾಕುವವರೂ ಇದ್ದಾರೆ. ಹುಳದ ಜೊತೆ ಕೋಳಿಗೂ ವಿಷ ಅವು.

ಕಾಲು ಮುರಿದಿದ್ದರೆ ಎಲ್ಲಿ ಮುರಿದಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಪುಕ್ಕವಿಲ್ಲದ, ಹುರುಪೆ ಇರುವ ಕೆಳಗಾಲಿನಲ್ಲಾದರೆ ಪಟ್ಟಿ ಕಟ್ಟಿ ಕೂಡಿಸಬಹುದು, ಮೂರು ವಾರದ ಹೊತ್ತಿಗೆ ಮೂಳೆ ಕೂಡುತ್ತಾ ಬರುತ್ತದೆ. ತೊಡೆಮೂಳೆಯಾದರೆ ಮನೆ ಪಟ್ಟಿ ನಿಲ್ಲುವುದೇ ಇಲ್ಲ. ಮೂಳೆ ಹೊರಗೆ ಚುಚ್ಚಿಕೊಂಡಿದ್ದರಂತೂ ಕೈ ಹಾಕಲೇಬೇಡಿ. ಬಿದಿರಿನ ದಬ್ಬೆ ಮತ್ತು ಬಟ್ಟೆಪಟ್ಟಿಯ ಹಳೆ ಕಟ್ಟು, ತನಗೆ ತಾನೇ ಅಂಟಿಕೊಳ್ಳುವ ಬ್ಯಾಂಡೇಜು, ಎರಡನ್ನೂ ಬಳಸಿದ್ದೇನೆ. ದಬ್ಬೆ ಗಟ್ಟಿ, ಆದರೆ ಅಂಚು ಚರ್ಮ ಕೊರೆಯುತ್ತದೆ, ಬಟ್ಟೆ ಒದ್ದೆಯಾದರೆ ಬಿಗಿಯುತ್ತದೆ. ಅಂಟುವ ಬ್ಯಾಂಡೇಜು ಹಗುರ, ಪುಕ್ಕಕ್ಕೆ ಹಿಡಿಯುವುದಿಲ್ಲ, ಒಳಗೆ ಐಸ್‌ಕ್ರೀಂ ಕಡ್ಡಿ ಇಟ್ಟರೆ ನಾಟಿ ಕೋಳಿಯ ಕಾಲಿಗೆ ಸಾಕಾಗುತ್ತದೆ. ಬ್ಯಾಂಡೇಜೇ ಮೇಲು. ಯಾವುದೇ ಕಟ್ಟಿ, ಬೆರಳ ತುದಿ ಹೊರಗೆ ಕಾಣುವಂತಿರಲಿ. ಬೆರಳು ಊದಿದರೆ, ತಣ್ಣಗಾದರೆ ತಕ್ಷಣ ಬಿಚ್ಚಿ.

ಅಂಗಾಲಿನ ಗಂಟು ಹೆಚ್ಚಾಗಿ ಬರುವುದು ಗಿರಿರಾಜದಂಥ ಭಾರದ ಕೋಳಿಗೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ಈ ತಳಿ ಹಿತ್ತಲಿಗೆ ಒಳ್ಳೆಯದೇ, ಆದರೆ ಎತ್ತರದಿಂದ ಸಿಮೆಂಟು ನೆಲಕ್ಕೆ ಧೊಪ್ಪೆಂದು ಹಾರಿದರೆ ಪಾದ ಜಜ್ಜುತ್ತದೆ. ಸಣ್ಣ ಗಾಯದಿಂದ ಬ್ಯಾಕ್ಟೀರಿಯಾ ಒಳಹೊಕ್ಕು, ನಡುವೆ ಕಪ್ಪು ಹೊಪ್ಪಳೆ, ಸುತ್ತ ಊತ. ಇದನ್ನು ಮನೆಯಲ್ಲೇ ಬ್ಲೇಡಿನಿಂದ ಕೊಯ್ಯುವುದನ್ನು ನೋಡಿದ್ದೇನೆ, ನನಗೆ ಒಪ್ಪಿಗೆಯಿಲ್ಲ. ಕೋಳಿಯ ಕೀವು ಹರಿಯುವುದಿಲ್ಲ, ಗಟ್ಟಿ ಗಿಣ್ಣದ ಹಾಗೆ ಕೂತಿರುತ್ತದೆ. ಅಗೆಯುತ್ತಾ ಹೋದರೆ ರಕ್ತ, ನೋವು ಎರಡೂ ಜಾಸ್ತಿ. ಆರಂಭದಲ್ಲೇ ಕಂಡರೆ ಉಗುರು ಬೆಚ್ಚನೆಯ ನೀರಲ್ಲಿ ದಿನಾ ಹತ್ತು ನಿಮಿಷ ನೆನೆಸಿ, ಅಯೋಡಿನ್ ಹಚ್ಚಿ, ಮೆತ್ತನೆ ಪಟ್ಟಿ ಕಟ್ಟಿದರೆ ಇಳಿಯುತ್ತದೆ. ಎಪ್ಸಮ್ ಉಪ್ಪು ಹಾಕಿಯೂ ನೋಡಿದೆ, ಅಡುಗೆ ಉಪ್ಪು ಹಾಕಿಯೂ ನೋಡಿದೆ, ನನಗೆ ವ್ಯತ್ಯಾಸ ಕಾಣಲಿಲ್ಲ. ಕೆಲಸ ಮಾಡುವುದು ಬಿಸಿನೀರೇ ಇರಬೇಕು. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಆ ಬ್ಯಾಕ್ಟೀರಿಯಾ ನಮಗೂ ತಾಗುತ್ತದೆ. ಮಲಗುವ ಗಳ ತಗ್ಗಿಸದಿದ್ದರೆ ಮಾತ್ರ ಎಲ್ಲ ನೀರಲ್ಲಿ ಹೋಮ.

ನೋವಿನ ಮಾತ್ರೆಯಲ್ಲಿ ಹೋಲಿಕೆಯೇ ಇಲ್ಲ. ಮನೆಯಲ್ಲಿರುವ ಮಾತ್ರೆ ಪುಡಿ ಮಾಡಿ ಹಾಕಬೇಡಿ. ಸತ್ತ ದನ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಸಾಯಿಸಿತು ಅಂತ 2006ರಲ್ಲಿ ಜಾನುವಾರುಗಳಿಗೆ ನಿಷೇಧಿಸಿದ ಡೈಕ್ಲೋಫೆನಾಕ್ ಕೋಳಿಗೂ ಅಪಾಯವೇ. ಡಾಕ್ಟರು ಸಾಮಾನ್ಯವಾಗಿ ಮೆಲಾಕ್ಸಿಕಾಮ್ ಕೊಡುತ್ತಾರೆ, ತೂಕ ನೋಡಿ. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಕೇಳಬಹುದು. ಔಷಧಿ ಕೊಟ್ಟ ಮೇಲೆ ಮೊಟ್ಟೆ ಎಷ್ಟು ದಿನ ತಿನ್ನಬಾರದು ಅಂತಲೂ ಆಗಲೇ ಕೇಳಿಕೊಳ್ಳಿ. ಸಾರಿನ ಆಸೆ ಇಟ್ಟುಕೊಂಡವರಿಗೂ ಇದೇ ಮಾತು.

ಮೇವಿಗೆ ಬರೀ ನುಚ್ಚು ಹಾಕುವುದಕ್ಕಿಂತ ಮೊಟ್ಟೆಯಿಡುವ ಕೋಳಿಗಳ ಸಿದ್ಧ ಮೇವಾದ ಲೇಯರ್ ಫೀಡನ್ನು ನೀರಲ್ಲಿ ಕಲೆಸಿ ಕೊಡುವುದು ಎಷ್ಟೋ ಮೇಲು. ನುಚ್ಚಿನಲ್ಲಿ ಸುಣ್ಣದಂಶ ಇಲ್ಲವೇ ಇಲ್ಲ ಅನ್ನಬಹುದು. ನೀರನ್ನು ಬಾಯಿ ತೆರೆದು ಹೊಯ್ಯಬಾರದು. ಉಸಿರಿನ ದಾರಿ ನಾಲಿಗೆಯ ಬುಡದಲ್ಲೇ ಇದೆ, ನೀರು ಅಲ್ಲಿಗೇ ಇಳಿಯುತ್ತದೆ. ಕೊಕ್ಕಿನ ಅಂಚಿಗೆ ಹನಿ ಹನಿ ಬಿಟ್ಟರೆ ತಾನೇ ನುಂಗುತ್ತದೆ.

ಹಿಂಡಿಗೆ ವಾಪಸು ಬಿಡುವುದರಲ್ಲೂ ಎರಡು ಮತ. ರಾತ್ರಿ ಗಳದ ಮೇಲೆ ಕೂರಿಸಿಬಿಟ್ಟರೆ ಬೆಳಿಗ್ಗೆ ಯಾವುದಕ್ಕೂ ಗೊತ್ತಾಗುವುದಿಲ್ಲ ಅನ್ನುತ್ತಾರೆ ಹಿರಿಯರು. ಬುಟ್ಟಿಯಲ್ಲಿ ಕಣ್ಣೆದುರೇ ಇದ್ದ ಕೋಳಿಗೆ ಅದು ನಡೆಯುತ್ತದೆ. ಒಳಗೇ ಇದ್ದ ಕೋಳಿಗೆ ಮಾತ್ರ ಬೆಳಗಾಗುತ್ತಲೇ ಏಟು, ಮತ್ತೆ ಗೂಡಿನೊಳಗೆ ಓಡಲು ಜಾಗವೂ ಇರುವುದಿಲ್ಲ. ಅಂಥದ್ದನ್ನು ನಾನು ಸಂಜೆ ಅಂಗಳದಲ್ಲಿ ಕಾಳು ದೂರ ದೂರಕ್ಕೆ ಎರಚಿ, ಎಲ್ಲದರ ಗಮನ ನೆಲದ ಮೇಲಿರುವಾಗ ಬಿಡುತ್ತೇನೆ. ಮೊದಲು ಸಾಧು ಸ್ವಭಾವದ ಒಂದು ಹೇಂಟೆಯ ಜೊತೆ ಬಿಟ್ಟು ನೋಡಿದರೆ ಇನ್ನೂ ಒಳ್ಳೆಯದು. ಸ್ವಲ್ಪ ಕುಂಟು ಉಳಿದಿದ್ದರೂ ಪರವಾಗಿಲ್ಲ, ಓಡಿ ತಪ್ಪಿಸಿಕೊಳ್ಳುವಷ್ಟು ಕಾಲು ಬಂದಿದ್ದರೆ ಬಿಡಬಹುದು.